ಇಬ್ಬರಿಗೊಂದು ಕಾರ್ಡು

"ನೆಕ್ಸ್ಟ್!" ಎಂಬ ಕೂಗು ಬಿದ್ದದ್ದೇ ತಡ, ಅವಳು ಹಿಂದಿನವರ ಮೊಣಕೈಗಳಿಗೆ ಜಗ್ಗದೆ ಮುಂದೆ ನುಗ್ಗಿ, ಸತ್ತವಳ ಕಾರ್ಡನ್ನು ಕಿಟಕಿಯ ಸರಳುಗಳ ಸಂದಿಯಿಂದ ಒಳಕ್ಕೆ ತಳ್ಳಿದಳು. ಅದರ ಬೆನ್ನಿಗೇ ರಬ್ಬರ್ ಬ್ಯಾಂಡ್ ಸುತ್ತಿದ ಖಾಲಿ ಸ್ಟ್ರಿಪ್ಪುಗಳ ಕಟ್ಟನ್ನೂ ಇಟ್ಟಳು.

ಸರ್ಕಾರಿ ವಿಮೆಯ ಔಷಧಾಲಯದ ಪದ್ಧತಿ ಅದು. ನುಂಗಿದ ಮಾತ್ರೆಯ ಖಾಲಿ ಸ್ಟ್ರಿಪ್ ತಂದೊಪ್ಪಿಸಿದರೆ ಮಾತ್ರ ಮುಂದಿನ ತಿಂಗಳ ಮಾತ್ರೆ. ಇಲ್ಲದಿದ್ದರೆ ಜನ ಪುಕ್ಕಟೆ ಔಷಧಿ ಒಯ್ದು ಹೊರಗೆ ಮಾರಿಕೊಳ್ಳುತ್ತಾರೆಂದು ಇಲಾಖೆಯ ಗುಮಾನಿ. ಹಾಗಾಗಿ ವಿಮೆ ಕಾರ್ಡಿರುವ ಮನೆಗಳಲ್ಲಿ ಒಡವೆ ಕಳೆದರೂ ಖಾಲಿ ಸ್ಟ್ರಿಪ್ ಕಳೆಯುವುದಿಲ್ಲ.

ಕಾರ್ಡಿನ ಒಡತಿ ಈ ಹೊತ್ತಿಗೆ ಮನೆಯ ಮುಂದಿನ ಕೋಣೆಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿದ್ದಳು. ಮಧ್ಯಾಹ್ನಕ್ಕೆ ಮಣ್ಣು. ಮನೆ ತುಂಬ ಜನ. ಹೂವು ತರುತ್ತೇನೆಂದು ಹೇಳಿ ಹೊರಟ ಆ ಒಡತಿಯ ತಮ್ಮನ ಹೆಂಡತಿ ಇಲ್ಲಿ ಬಂದು ಸಾಲಿನಲ್ಲಿ ನಿಂತಿದ್ದಳು. ನಾಚಿಕೆಯಾಗಲಿಲ್ಲವೇ ಎಂದರೆ, ಆಗಿತ್ತು. ಆದರೆ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಸಾವಿನ ಸುದ್ದಿ ಕಚೇರಿಯ ಕಂಪ್ಯೂಟರಿಗೆ ಮುಟ್ಟಿದ ಕ್ಷಣ ಆ ಕಾರ್ಡೂ ಹೋದಂತೆಯೇ. ಅಷ್ಟರೊಳಗೆ ಕೊನೆಯದಾಗಿ ಒಂದೇ ಒಂದು ಸಲ ಮಾತ್ರೆ ಸಿಕ್ಕಿಬಿಟ್ಟರೆ ಅವಳ ಗಂಡ ಇನ್ನೊಂದು ತಿಂಗಳು ಬೀಳದೆ ಓಡಾಡುತ್ತಾನೆ. ಆಮೇಲಿನದು ಆಮೇಲೆ.

ಅಕ್ಕ ತಮ್ಮ ಇಬ್ಬರಿಗೂ ಒಂದೇ ಕಾಯಿಲೆ, ಮೂರ್ಛೆ ರೋಗ. ಅಪ್ಪ ಬಿಟ್ಟುಹೋದ ಆಸ್ತಿ ಅದೊಂದೇ, ಅದನ್ನಾದರೂ ಜಗಳವಿಲ್ಲದೆ ಸಮಪಾಲು ಮಾಡಿಕೊಂಡೆವು ಎಂದು ಅಕ್ಕ, ಇವಳ ಅತ್ತಿಗೆ, ತಮಾಷೆ ಮಾಡುತ್ತಿದ್ದಳು. ಅತ್ತಿಗೆ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಕಾಯಂ ನೌಕರಳು. ಸಂಬಳದಲ್ಲಿ ಕಡಿತವಾಗಿ ವಿಮೆ ಇತ್ತು. ತಮ್ಮ ಗೋಡೆಗೆ ಬಣ್ಣ ಬಳಿಯುವವನು. ಇವತ್ತು ಈ ಮೇಸ್ತ್ರಿ, ನಾಳೆ ಇನ್ನೊಬ್ಬ. ಅವನಿಗೆ ಕಾರ್ಡು ಕೊಡುವವರು ಯಾರು? ವಿಮೆಯವರ ಲೆಕ್ಕದಲ್ಲಿ ಕುಟುಂಬ ಎಂದರೆ ಗಂಡ, ಮಕ್ಕಳು, ಅಪ್ಪ, ಅಮ್ಮ. ಮದುವೆಯೇ ಆಗದೆ ಅಕ್ಕ ಕಂಕುಳಲ್ಲಿ ಹೊತ್ತು ಸಾಕಿದ ತಮ್ಮ ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಒಬ್ಬಳ ಕಾರ್ಡಿನ ಮೇಲೆ ಇಬ್ಬರು ಬದುಕಿದ್ದರು.

ಕಿಟಕಿಯೊಳಗೆ ಕೂತವನನ್ನು ಊರೆಲ್ಲ ನೆಕ್ಸ್ಟಪ್ಪ ಎಂದೇ ಕರೆಯುತ್ತಿತ್ತು. ದಿನವಿಡೀ ಆ ಬಾಯಲ್ಲಿ ಬರುವುದು ಅದೊಂದೇ ಮಾತು. ಅವನು ಕಾರ್ಡನ್ನು ನೋಡಿ ಕನ್ನಡಕ ಮೇಲೇರಿಸಿದ.

"ಎಲ್ಲಿ ಅವರು? ಯಾವಾಗ್ಲೂ ಅವರೇ ಬರ್ತಿದ್ರಲ್ಲ."

"ಹುಷಾರಿಲ್ಲ. ಎದ್ದು ಬರೋ ಹಾಗಿಲ್ಲ."

ಅವನು ಖಾಲಿ ಸ್ಟ್ರಿಪ್ಪುಗಳನ್ನು ಹಿಂದೆ ಮುಂದೆ ತಿರುಗಿಸಿದ. "ಅಲ್ಲಮ್ಮ, ಇವು ಹಳೇ ಮಾತ್ರೆದು. ಇದನ್ನ ನಿಲ್ಸಿ ಎರಡು ತಿಂಗಳ ಮೇಲಾಯ್ತು."

"ನಿಲ್ಸಿದ್ದಾ? ಯಾರು ನಿಲ್ಸಿದ್ದು?"

"ಡಾಕ್ಟ್ರು. ಎಷ್ಟು ಕೊಟ್ರೂ ಮೂರ್ಛೆ ಕಮ್ಮಿ ಆಗ್ತಿಲ್ಲ, ಈ ಮಾತ್ರೆ ಈಕೆಗೆ ಹಿಡಿಸ್ತಿಲ್ಲ ಅಂತ ಬೇರೇದು ಬರೆದ್ರು. ಆ ಹೊಸದು ನಮ್ಮ ವಿಮೆ ಪಟ್ಟೀಲಿಲ್ಲ, ಹೊರಗಡೆ ಕೊಂಡ್ಕೊಳ್ಳಿ ಅಂದೆ. ಹಳೇದೇ ಕೊಡಿ ಅಂತ ಗೋಗರೆದ್ರು ಪಾಪ. ಡಾಕ್ಟ್ರು ಬೇಡ ಅಂದಿದ್ದನ್ನ ನಾನು ಹೇಗೆ ಕೊಡ್ಲಿ? ಕಂಪ್ಯೂಟ್ರೇ ತೊಗೊಳ್ಳಲ್ಲ. ಆಮೇಲೆ ಅವರು ಈ ಕಡೆ ತಲೇನೇ ಹಾಕ್ಲಿಲ್ಲ. ಮನೇಲಿ ಹೇಳಿಲ್ವಾ?"

ಹೇಳಿರಲಿಲ್ಲ. ಎರಡು ತಿಂಗಳಿಂದಲೂ ಪ್ರತಿದಿನ ಊಟವಾದ ಮೇಲೆ ಅತ್ತಿಗೆ ತಮ್ಮನ ಅಂಗೈಗೆ ಮಾತ್ರೆ ಹಾಕಿ, ಅವನು ನೀರು ಕುಡಿಯುವವರೆಗೂ ಪಕ್ಕದಲ್ಲೇ ನಿಂತಿರುತ್ತಿದ್ದಳು. ನಿಮ್ಮದು ಎಂದು ಇವಳು ಕೇಳಿದರೆ, ನಂದು ಕೆಲಸದ ಜಾಗದಲ್ಲೇ ಆಯ್ತು ಕಣೆ ಎನ್ನುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಬಂತಲ್ಲ ಎಂದು ಇವಳು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

"ಸ್ವಾಮಿ, ಒಂದು ಸಲ... ಇದೊಂದು ಸಲ ಹಳೇದೇ ಕೊಟ್ಬಿಡಿ. ಇನ್ಯಾವತ್ತೂ ಕೇಳಲ್ಲ."

"ಅವರನ್ನೇ ಕರ್ಕೊಂಡ್ ಬನ್ನಿ. ನಾನೇ ಡಾಕ್ಟ್ರ ಹತ್ರ ಮಾತಾಡ್ತೀನಿ. ಒಳ್ಳೇ ಹೆಂಗಸು, ಮಾಡೋಣ."

"ಕರ್ಕೊಂಡ್ ಬರೋಕಾಗಲ್ಲ."

"ಅದ್ಯಾಕಾಗಲ್ಲ? ಗಾಡೀಲಿ ಕೂರಿಸ್ಕೊಂಡ್ ಬಂದ್ರಾಯ್ತು."

ಹಿಂದಿನಿಂದ ಯಾರೋ ಗೊಣಗಿದರು. ಮಗುವೊಂದು ಚೀರುತ್ತಿತ್ತು. ನೆಕ್ಸ್ಟಪ್ಪ ಕಾರ್ಡನ್ನೂ ಖಾಲಿ ಸ್ಟ್ರಿಪ್ಪುಗಳನ್ನೂ ವಾಪಸು ನೂಕಿ ತನ್ನ ಮಾಮೂಲಿ ಕೂಗು ಹಾಕಿದ. ಎದುರಿನ ಖಾಸಗಿ ಅಂಗಡಿಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಚೀಟಿ ಕೇಳಿದರು. ಚೀಟಿ ಯಾರ ಹೆಸರಿನಲ್ಲಿ ಇರಬೇಕೋ ಅವನು ಈ ಕಾಯಿಲೆಗೆಂದು ಯಾವ ಡಾಕ್ಟರಿಗೂ ಇದುವರೆಗೆ ಮುಖ ತೋರಿಸಿದವನಲ್ಲ. ಅವಳು ಅರ್ಧ ದಾರಿ ನಡೆದ ಮೇಲೆ ಹೂವು ನೆನಪಾಗಿ ಮತ್ತೆ ಹಿಂದಕ್ಕೆ ಓಡಿದಳು.

* * *

ಮೊದಲು ಅವರು ಮಾತ್ರೆಯನ್ನು ಬ್ಲೇಡಿನಿಂದ ಅರ್ಧ ಮಾಡಿಕೊಳ್ಳುತ್ತಿದ್ದರು. ಇವಳು ಮದುವೆಯಾಗಿ ಬಂದ ಹೊಸದರಲ್ಲಿ ಕಂಡದ್ದು ಅದು. ಅಕ್ಕನಿಗೆ ಅರ್ಧ, ತಮ್ಮನಿಗೆ ಅರ್ಧ, ಪುಡಿಯಾದದ್ದನ್ನು ಬೆರಳಿಗೆ ಅಂಟಿಸಿಕೊಂಡು ನೆಕ್ಕುವವಳು ಅಕ್ಕ. ಅರ್ಧ ಮಾತ್ರೆಗೆ ಅರ್ಧ ಗುಣ. ಇಬ್ಬರೂ ಆಗಾಗ ಬೀಳುತ್ತಿದ್ದರು. ಒಂದು ಸಲ ಬಚ್ಚಲಲ್ಲಿ ಬಿದ್ದ ತಮ್ಮನ ಹುಬ್ಬು ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಆವತ್ತು ಅತ್ತಿಗೆ ಮಾತಾಡಲಿಲ್ಲ. ಮಾತಿನ ಮಲ್ಲಿ ಸುಮ್ಮನಾದಳೆಂದರೆ ತಲೆಯಲ್ಲಿ ಏನೋ ಬೇಯುತ್ತಿದೆ ಎಂದೇ ಅರ್ಥ.

ಮುಂದಿನ ಸಲ ವಿಮೆ ಆಸ್ಪತ್ರೆಗೆ ಹೋದವಳು ಮನೆಗೆ ಬಂದದ್ದು ನಗುತ್ತಲೇ. ಚಪ್ಪಲಿ ಬಿಡುವುದಕ್ಕೂ ತಾಳ್ಮೆಯಿಲ್ಲ. ಚೀಲವನ್ನು ಮಂಚದ ಮೇಲೆ ತಲೆಕೆಳಗು ಮಾಡಿದಳು.

"ಡಬಲ್! ಎಣಿಸ್ಕೊಳ್ರೋ!"

"ಹೇಗೆ ಕೊಟ್ರು?" ಎಂದ ತಮ್ಮ.

"ಹೇಗೆ ಕೊಡ್ತಾರೆ, ನಾಟಕ ಆಡಿದ್ದಕ್ಕೆ ಕೊಟ್ರು." ಅವಳು ಕುರ್ಚಿ ಎಳೆದು ಕೂತು, ಕತ್ತು ಒಂದು ಕಡೆಗೆ ವಾಲಿಸಿ, ಸೀಕು ದನಿ ತೆಗೆದಳು. "'ಡಾಕ್ಟ್ರೇ, ತುಂಬಾ ಜಾಸ್ತಿ ಆಗಿದೆ. ಮೊನ್ನೆ ಒಲೆ ಮುಂದೇನೇ ಬಿದ್ದೆ. ಒಬ್ಬಂಟಿ ಹೆಂಗಸು ನಾನು.' ಅಂದು ಕಣ್ಣೀರು ಹಾಕ್ದೆ. ಅಂದ್ರೆ ಕಣ್ಣೀರು ಬರ್ಲಿಲ್ಲ, ಮೂಗು ಒರೆಸ್ಕೊಂಡೆ. ಅಷ್ಟಕ್ಕೇ ಕರಗಿಹೋದ್ರು."

"ಸಿಕ್ಕಿಹಾಕ್ಕೊಂಡ್ರೆ?"

"ಹೇಗೋ ಸಿಕ್ಕಿಹಾಕ್ಕೋತೀನಿ? ಬಿದ್ದಿದ್ದು ಬಿದ್ದೋರಿಗೇ ನೆನಪಿರಲ್ಲ, ಇನ್ನು ಡಾಕ್ಟ್ರಿಗೇನು ಗೊತ್ತಾಗತ್ತೆ?"

"ಇವರನ್ನ ನಿಮ್ಮ ಮಗ ಅಂತಾನೇ ಬರೆಸಿಬಿಡಬಹುದಿತ್ತು, ಈ ರಗಳೇನೇ ಬೇಕಿರ್ಲಿಲ್ಲ," ಎಂದಳು ಇವಳು, ತಮಾಷೆಗೆ.

"ಅದನ್ನೂ ಯೋಚನೆ ಮಾಡ್ದೆ ಕಣೆ. ಆದ್ರೆ ಇವನು ಹುಟ್ಟಿದಾಗ ನನಗಿನ್ನೂ ಹಾಲುಹಲ್ಲು ಬಿದ್ದಿರ್ಲಿಲ್ಲ. ಹೆತ್ತಿದ್ದು ಹೇಗೆ ಅಂತ ಕೇಳಿದ್ರೆ ಏನು ಹೇಳ್ಲಿ?"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲಿನ ದಿನಗಳು ನಿಜಕ್ಕೂ ಚೆನ್ನಾಗಿದ್ದವು. ಇಬ್ಬರಿಗೂ ಇಡೀ ಮಾತ್ರೆ. ಯಾರೂ ಬೀಳಲಿಲ್ಲ. ತಮ್ಮ ಧೈರ್ಯವಾಗಿ ಸಾರುವೆ ಹತ್ತಿ ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯತೊಡಗಿದ. ಆ ಕೆಲಸಕ್ಕೆ ಕೂಲಿ ಹೆಚ್ಚು. ಅತ್ತಿಗೆ ಮಾತ್ರ ಡಾಕ್ಟರ ಹತ್ತಿರ ಹೋದಾಗಲೆಲ್ಲ ಅದೇ ನಾಟಕವನ್ನು ಮುಂದುವರಿಸಬೇಕಾಗಿತ್ತು. ಗುಣವಾಗಿದೆ ಎಂದರೆ ಮಾತ್ರೆ ಮತ್ತೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಇನ್ನೂ ಬೀಳುತ್ತಿದ್ದೇನೆ, ಇನ್ನೂ ಬೀಳುತ್ತಿದ್ದೇನೆ ಎಂದು ಹೇಳುತ್ತಲೇ ಇದ್ದಳು.

ಡಾಕ್ಟರು ಆ ಸುಳ್ಳನ್ನು ನಂಬದೆ ಹೋದರೆ ಎಂಬ ಹೆದರಿಕೆ ಮೂವರಿಗೂ ಇತ್ತು. ಪೂರ್ತಿಯಾಗಿ ನಂಬಿಬಿಟ್ಟರೆ ಏನಾಗುತ್ತದೆಂದು ಒಬ್ಬರೂ ಯೋಚಿಸಿರಲಿಲ್ಲ.

* * *

ಅವಳು ಹೂವಿನ ಪೊಟ್ಟಣ ಹಿಡಿದು ಒಳಗೆ ಬಂದಾಗ ಗಂಡ ಅಕ್ಕನ ತಲೆಯ ಪಕ್ಕ ಗೋಡೆಗೊರಗಿ ಕೂತಿದ್ದ. ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. ಅಕ್ಕ ಹೋದ ಮುನ್ನಾದಿನ ಅವಳ ಕೈಯಿಂದಲೇ ನುಂಗಿದ್ದು ಕೊನೆಯ ಮಾತ್ರೆ. ಆಮೇಲೆ ಡಬ್ಬಿ, ಪೆಟ್ಟಿಗೆ, ದಿಂಬಿನ ಕೆಳಗೆ ಎಲ್ಲ ಜಾಲಾಡಿದರೂ ಸಿಕ್ಕಿದ್ದು ಖಾಲಿ ಸ್ಟ್ರಿಪ್ಪುಗಳೇ. ಮಾತ್ರೆ ತಪ್ಪಿದರೆ, ನಿದ್ದೆಗೆಟ್ಟರೆ ಅವನು ಬೀಳುವುದು ಖಂಡಿತ. ಬೀಳುವ ಮುಂಚೆ ಅವನ ಎಡಗೈ ಹೆಬ್ಬೆರಳು ತಾನಾಗಿ ಅಲುಗತೊಡಗುತ್ತದೆ. ಅವಳು ಮೊದಲು ನೋಡಿದ್ದು ಆ ಬೆರಳನ್ನು. ಅದು ಮೊಣಕಾಲ ಮೇಲೆ ಸುಮ್ಮನಿತ್ತು.

ಅವನು ಕಣ್ಣಲ್ಲೇ ಕೇಳಿದ. ಅವಳು ಬಗ್ಗಿ ಹೂವು ಇಡುವ ನೆಪದಲ್ಲಿ ಪಿಸುಗುಟ್ಟಿದಳು. "ಸಂಜೆ ಬನ್ನಿ ಅಂದಿದ್ದಾರೆ. ಕೊಡ್ತಾರಂತೆ."

"ಸಂಜೇವರೆಗೂ ತಡೀತೀನಿ," ಎಂದ ಅವನು, ಮಗುವಿನ ಹಾಗೆ.

ಇವತ್ತು ಇವನು ಬೀಳಬಾರದು. ಇವತ್ತೊಂದು ದಿನ. ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ. ಏಕೆಂದರೆ ಬಾಗಿಲ ಬಳಿ ಮೇಸ್ತ್ರಿ ಕೂತಿದ್ದ. ಮುಂದಿನ ವಾರದಿಂದ ಹೊಸದೊಂದು ಎತ್ತರದ ಕಟ್ಟಡದ ಕೆಲಸ ಅವನದು, ವರ್ಷಪೂರ್ತಿ ನಡೆಯುವಂಥದ್ದು. ಹಿಂದೊಮ್ಮೆ ಅವನ ಆಳೊಬ್ಬ ತಲೆಸುತ್ತಿ ಸಾರುವೆಯಿಂದ ಬಿದ್ದು ಸತ್ತಿದ್ದ. ಅಂದಿನಿಂದ ಅವನು ಯಾರನ್ನೇ ಕೆಲಸಕ್ಕೆ ತೆಗೆದುಕೊಳ್ಳಲಿ, ತಲೆಸುತ್ತು ಗಿಲೆಸುತ್ತು ಇದ್ರೆ ಈಗಲೇ ಹೇಳಿಬಿಡಪ್ಪ ಎಂದು ಭುಜ ಹಿಡಿದು ಕೇಳುತ್ತಿದ್ದ. ಒಳ್ಳೆಯ ಮನುಷ್ಯ. ಒಳ್ಳೆಯವನೆಂದೇ ಅವನಿಗೆ ಹೆದರಬೇಕಾಗಿತ್ತು. ಒಂದು ಸಲ ಕಣ್ಣಾರೆ ಕಂಡನೆಂದರೆ ಮತ್ತೆ ಇವನನ್ನು ಏಣಿ ಮುಟ್ಟಲೂ ಬಿಡುವುದಿಲ್ಲ. ಉಳಿದ ಮೇಸ್ತ್ರಿಗಳಿಗೆ ಸುದ್ದಿ ಮುಟ್ಟುವುದು ಎಷ್ಟು ಹೊತ್ತಿನ ಮಾತು!

"ನಿದ್ದೇಲೇ ಹೋದ್ರಂತೆ," ಎಂದು ಪಕ್ಕದ ಮನೆಯಾಕೆ ಮೇಸ್ತ್ರಿಗೆ ಹೇಳುತ್ತಿದ್ದಳು. "ಪುಣ್ಯ ಮಾಡಿದ್ರು. ಒಬ್ಬರ ಕೈಲಿ ಒಂದು ಲೋಟ ನೀರು ಕೇಳ್ಲಿಲ್ಲ."

"ಅಂಥ ಸಾವು ಎಲ್ಲರಿಗೂ ಎಲ್ಲಿ ಬರತ್ತೆ," ಎಂದ ಮೇಸ್ತ್ರಿ.

ಅವಳು ಅಡುಗೆಮನೆಗೆ ಹೋದಳು. ಮೊನ್ನೆ ಬೆಳಗ್ಗೆ ಎಬ್ಬಿಸಲು ಹೋದಾಗ ದಿಂಬಿಗೆ ಮುಖ ಒತ್ತಿ ಬಿದ್ದಿದ್ದವಳನ್ನು ಹೊರಳಿಸಿದವಳು ಅವಳೇ. ಕಡಿದುಹೋಗಿದ್ದ ನಾಲಿಗೆಯ ರಕ್ತ ಒರೆಸಿ, ದಿಂಬಿನ ಕವರು ಬದಲಿಸಿ, ಆಮೇಲೆ ಗಂಡನನ್ನು ಕೂಗಿದ್ದಳು. ಆಗ ಯಾಕೆ ಹೀಗಾಯಿತೆಂದು ಅರ್ಥವಾಗಿರಲಿಲ್ಲ. ಇಡೀ ಮಾತ್ರೆ ತಿನ್ನುವವಳು ಹೇಗೆ ಬಿದ್ದಳು? ಈಗ ಅರ್ಥವಾಗಿತ್ತು, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವುದು ಹೇಗೆಂದು ತಿಳಿಯುತ್ತಿರಲಿಲ್ಲ.

ಲಾಂಡ್ರಿಯ ಹೆಂಗಸರು ಒಟ್ಟಾಗಿ ಬಂದರು. ಅವರಲ್ಲೊಬ್ಬಳು ಹೆಣದ ಮುಂದೆ ನಿಲ್ಲಲಾರದೆ ನೇರ ಅಡುಗೆಮನೆಗೆ ಬಂದು ನೆಲದ ಮೇಲೆ ಕುಸಿದು ಕೂತಳು. ಅತ್ತಿಗೆಯ ಬಾಯಲ್ಲಿ ಅವಳು 'ನನ್ನ ಎದುರು ತುದಿ'. ಹೋಟೆಲಿನ ದೊಡ್ಡ ಹಾಸುಗಳನ್ನು ಒಬ್ಬರೇ ಮಡಚಲಾಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿಯಬೇಕು. ಕೆಲಸಕ್ಕೆ ಸೇರಿದ ದಿನದಿಂದ ಇವರಿಬ್ಬರದೇ ಜೋಡಿ.

"ನಿಮಗೆ ಗೊತ್ತಿತ್ತಾ?" ಇವಳು ಬಾಗಿಲು ಎಳೆದುಕೊಂಡು ಕೇಳಿದಳು. "ಅವರು ಮಾತ್ರೆ ತೊಗೊಳ್ತಿರ್ಲಿಲ್ಲ ಅಂತ?"

ಎದುರು ತುದಿಯವಳು ತಲೆಯೆತ್ತಲಿಲ್ಲ. ಗೊತ್ತಿತ್ತು ಎನ್ನುವುದಕ್ಕೆ ಅಷ್ಟು ಸಾಕಾಗಿತ್ತು.

* * *

ಲಾಂಡ್ರಿ ಹೋಟೆಲಿನ ನೆಲಮಾಳಿಗೆಯಲ್ಲಿತ್ತು. ಕಿಟಕಿಯಿಲ್ಲ. ಮೇಲಿನ ಮಹಡಿಗಳಿಂದ ಕೊಳೆ ಹಾಸುಗಳು ತಗಡಿನ ಕೊಳವೆಯೊಳಗಿಂದ ಧಡ್ ಧಡ್ ಎಂದು ಬಂದು ಬೀಳುತ್ತಿದ್ದವು. ಒಗೆದು, ಒಣಗಿಸಿ, ಬಿಸಿ ಉರುಳೆಗಳ ನಡುವೆ ತೂರಿಸಿದ ಮೇಲೆ ಮಡಚುವ ಕೆಲಸ ಇವರದು. ತುದಿಗೆ ತುದಿ ಸೇರಿಸಲು ಇಬ್ಬರೂ ಎದುರುಬದುರು ನಡೆದು ಬರಬೇಕು, ಮತ್ತೆ ಹಿಂದೆ ಸರಿಯಬೇಕು. ಹತ್ತಿರ ಬಂದಾಗ ಒಂದು ಮಾತು, ಮುಂದಿನ ಮಡಿಕೆಗೆ ಅದರ ಉತ್ತರ. ಹೀಗೆ ಕಂತು ಕಂತಾಗಿ ಇಬ್ಬರೂ ತಮ್ಮ ತಮ್ಮ ಮನೆಯ ಕತೆಯನ್ನೆಲ್ಲ ಹೇಳಿಕೊಂಡಿದ್ದರು.

ಹೋದ ತಿಂಗಳು ಒಂದು ದಿನ ಹತ್ತಿರ ಬಂದಾಗ ಅತ್ತಿಗೆಯ ಕೈಯಿಂದ ಹಾಸಿನ ತುದಿ ಜಾರಿತು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಎದುರು ತುದಿಯವಳು ಅವಳನ್ನು ಕೊಳೆ ಬಟ್ಟೆಯ ರಾಶಿಯ ಮೇಲೆ ಉರುಳಿಸಿ, ಬಾಗಿಲು ಹಾಕಿ, ಮೇಲ್ವಿಚಾರಕ ಕೇಳಿದಾಗ ಬಾಂತಿಯಾಗುತ್ತಿದೆ ಎಂದಳು. ಬಿಸಿ ಉರುಳೆಗಳ ಪಕ್ಕ ಕೆಲಸ ಮಾಡುವವರಿಗೆ ಈ ಕಾಯಿಲೆ ಇದೆಯೆಂದು ಗೊತ್ತಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಕಾರ್ಡು ಹೋಗುತ್ತದೆ.

"ಮಾತ್ರೆ ಬಿಟ್ಟಿದ್ದೀಯಾ?" ಎಂದು ಎದುರು ತುದಿಯವಳು ಅವಳ ಬಾಯಿ ಒರೆಸುತ್ತ ಕೇಳಿದಳು.

ಅತ್ತಿಗೆ ಎಲ್ಲವನ್ನೂ ಹೇಳಿದಳು. ಡಾಕ್ಟರು ಮಾತ್ರೆ ಬದಲಿಸಿದ್ದು, ಹೊಸದು ಪಟ್ಟಿಯಲ್ಲಿ ಇಲ್ಲದ್ದು, ಡಬಲ್ ಸಿಗುತ್ತಿದ್ದಾಗ ತನ್ನ ಪಾಲಿನದರಲ್ಲಿ ಆಗೊಂದು ಈಗೊಂದು ಸ್ಟ್ರಿಪ್ಪಿನಿಂದ ಬಿಡಿಸಿ ಕೂಡಿಟ್ಟದ್ದು ಸ್ವಲ್ಪ ಇರುವುದು.

"ಹೋಗಿ ನಿಜ ಹೇಳಿಬಿಡೇ. ಹಳೇದೇ ಚೆನ್ನಾಗಿತ್ತು ಅನ್ನು."

"ಹೇಳಿದ್ರೆ ಇಷ್ಟು ದಿನ ತೊಗೊಂಡಿದ್ದು ಯಾರಿಗೆ ಅಂತ ಕೇಳ್ತಾರೆ. ಕಾರ್ಡೇ ರದ್ದು ಮಾಡ್ತಾರೆ. ಅದೂ ಅಲ್ದೆ ಆ ಡಾಕ್ಟ್ರು ಮುಂದಿನ ಸಲ ಸಿಗೋದು ಯಾವಾಗ್ಲೋ. ಅಲ್ಲೀವರೆಗೆ ತಳ್ಳಿದ್ರೆ ಸಾಕು. ಆಗ ಏನಾದ್ರೂ ಹೊಸ ನಾಟಕ ಹೂಡ್ತೀನಿ."

"ಹಂಗಾದ್ರೆ ಇರೋದನ್ನ ಇಬ್ಬರೂ ಅರ್ಧ ಅರ್ಧ ತೊಗೊಳ್ಳಿ. ನೀನೊಬ್ಬಳೇ ಯಾಕೆ ಸಾಯ್ತೀಯ?"

ಅತ್ತಿಗೆ ಎದ್ದು ಸೀರೆ ಕೊಡವಿಕೊಂಡಳು. "ಅರ್ಧಕ್ಕೆ ಇಬ್ಬರೂ ಬೀಳ್ತೀವಿ, ನೋಡಿದ್ದೀನಿ. ನಾನು ಬಿದ್ರೆ ನೆಲದಿಂದ ನೆಲಕ್ಕೆ ಬೀಳ್ತೀನಿ. ಅವನು ಬಿದ್ರೆ ಎಲ್ಲಿಂದ ಬೀಳ್ತಾನೆ ಹೇಳು."

* * *

"ಇದನ್ನ ಅವರಿಗೆ ಹೇಳ್ಬೇಡಿ," ಎಂದು ಇವಳು ಎದುರು ತುದಿಯವಳ ಎರಡೂ ಕೈ ಹಿಡಿದುಕೊಂಡಳು. "ಇವತ್ತು ಬೇಡ. ಇವತ್ತು ಗೊತ್ತಾದ್ರೆ ಇಲ್ಲೇ ಬೀಳ್ತಾರೆ."

"ನನ್ನ ಬಾಯಿಂದ ಬರಲ್ಲಮ್ಮ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದಕ್ಕೇ ಅವಳು ಅಲ್ಲಿ ಮಲಗಿರೋದು." ಅವಳು ಈಗ ಜೋರಾಗಿ ಅತ್ತಳು.

ಹೆಣದ ಪೆಟ್ಟಿಗೆ ಎತ್ತುವ ಹೊತ್ತು ಬಂತು. ಗಂಡ ಹೆಗಲು ಕೊಡಲು ಮುಂದಾದ. ಅವಳು ಅಡ್ಡ ಬಂದಳು.

"ನೀವು ಬೇಡ. ಊಟ ಇಲ್ಲ, ನಿದ್ದೆ ಇಲ್ಲ. ಹಿಂದೆ ನಡೆದು ಬನ್ನಿ ಸಾಕು."

"ಏನಮ್ಮ ಹೀಗಂತೀಯ," ಎಂದ ಮೇಸ್ತ್ರಿ. "ತಮ್ಮ ಹೆಗಲು ಕೊಡದೆ ಇನ್ಯಾರು ಕೊಡ್ತಾರೆ? ಆಕೆಗೆ ಇದ್ದೋನು ಅವನೊಬ್ಬ."

ಅವನು ಹೊತ್ತ. ಸ್ಮಶಾನ ದೂರವಿರಲಿಲ್ಲ, ಆದರೆ ದಾರಿಯುದ್ದಕ್ಕೂ ನೆರಳಿರಲಿಲ್ಲ. ಅವಳು ಅವನ ಎಡಗಡೆಗೇ ಅಂಟಿಕೊಂಡು ನಡೆದಳು. ಪೆಟ್ಟಿಗೆಯ ಅಂಚು ಹಿಡಿದ ಬೆರಳುಗಳನ್ನು ಬಿಟ್ಟು ಅವಳ ಕಣ್ಣು ಆಚೀಚೆ ಹೋಗಲಿಲ್ಲ. ಹೆಣದ ಜೊತೆ ನಡೆಯುವಾಗ ಸತ್ತವಳನ್ನು ನೆನೆಯಬೇಕು. ಅವಳು ನೆನೆಯಲಿಲ್ಲ. ಬೀಳಬೇಡಿ, ಬೀಳಬೇಡಿ, ಅಲ್ಲಿಯವರೆಗೆ ಬೀಳಬೇಡಿ ಎಂದು ಒಳಗೊಳಗೇ ಅನ್ನುತ್ತ ನಡೆದಳು. ಮುಂದೆ ಹೊತ್ತವನೊಬ್ಬ ಎಡವಿದಾಗ ಅವಳು ಗಂಡನ ಅಂಗಿ ಹಿಡಿದುಕೊಂಡಳು. ಗಂಡ ಸಾವರಿಸಿಕೊಂಡು ನಿಂತ.

ತೋಡಿದ ಗುಂಡಿಯ ಪಕ್ಕ ಹಸಿಮಣ್ಣಿನ ದಿಬ್ಬ ಎದ್ದಿತ್ತು. ಪೆಟ್ಟಿಗೆ ಇಳಿಯಿತು. ಹಗ್ಗ ಮೇಲಕ್ಕೆ ಬಂತು. ಅವನು ಬೀಳಲಿಲ್ಲ. ಮಣ್ಣು ಹಾಕಿಯೂ ಬೀಳಲಿಲ್ಲ. ಅವನು ಬರಿಗೈ ಒರೆಸಿಕೊಳ್ಳುತ್ತ ಹಿಂದೆ ಸರಿದಾಗ ಅವಳಿಗೆ ಮೊದಲ ಸಲ ಉಸಿರು ಪೂರ್ತಿಯಾಗಿ ಒಳಗೆ ಹೋಯಿತು. ಇನ್ನು ಮನೆಗೆ ಕರೆದೊಯ್ದು ಮಲಗಿಸಿದರಾಯಿತು. ನಾಳೆ ಬೆಳಗ್ಗೆ ಎಲ್ಲಿಗಾದರೂ, ಯಾವ ಧರ್ಮಾಸ್ಪತ್ರೆಗಾದರೂ ಎಳೆದುಕೊಂಡು ಹೋದರಾಯಿತು.

ಆಗ ನೆಕ್ಸ್ಟಪ್ಪ ಬಂದ. ಕೆಲಸದ ಬಿಳಿ ಕೋಟನ್ನು ಬಿಚ್ಚಿರಲೂ ಇಲ್ಲ. ಬೆವರು ಸುರಿಯುತ್ತಿತ್ತು. ಲಾಂಡ್ರಿಯ ಯಾರೋ ಔಷಧಿಗೆ ಬಂದವರು ಸಾಲಿನಲ್ಲಿ ಸುದ್ದಿ ಹೇಳಿದ್ದರಂತೆ, ಅವನು ಕಿಟಕಿ ಮುಚ್ಚಿ ಓಡಿ ಬಂದಿದ್ದ. ಅವಳನ್ನು ಕಂಡ ಕೂಡಲೇ ಅವನ ಮುಖದಲ್ಲಿ ಬೆಳಗಿನದೆಲ್ಲ ಹಾದುಹೋಯಿತು. ಹುಷಾರಿಲ್ಲ ಎಂದದ್ದು, ಕರೆದುಕೊಂಡು ಬರಲಾಗುವುದಿಲ್ಲ ಎಂದದ್ದು. ಆದರೆ ಅವನು ಬೈಯಲಿಲ್ಲ. ಅವಳು ಬೇಡ ಬೇಡವೆಂದು ತಲೆಯಾಡಿಸಿದಳು. ಅವನಿಗೆ ಅದು ಅಳು ತಡೆಯುವ ಹೆಂಗಸಿನ ತಲೆಯಾಟದಂತೆ ಕಂಡಿತೋ ಏನೋ. ತಮ್ಮ ಎಂದು ಯಾರೋ ಕೈ ತೋರಿಸಿದವನ ಹತ್ತಿರ ಅವನು ನೇರ ಹೋಗಿ ಎರಡೂ ಭುಜ ಹಿಡಿದುಕೊಂಡ.

"ನಿಮ್ಮಕ್ಕ ನಮ್ಮ ಕಿಟಕೀಗೆ ಬಂದ್ರೆ ಇಡೀ ಸಾಲೇ ನಗೋದು," ಎಂದ. "ನಾನು ಕೊಟ್ಬಿಡಬೇಕಿತ್ತು. ನಿಯಮ ಹಾಳಾಗಿ ಹೋಗ್ಲಿ ಅಂತ ಕೊಟ್ಬಿಡಬೇಕಿತ್ತು. ಒಂದು ಮಾತ್ರೇನೂ ಇಲ್ದೆ ಎರಡು ತಿಂಗಳು ಹೇಗೆ ಕಳೆದ್ರೋ ಪಾಪ."

"ಎರಡು ತಿಂಗಳು?" ಎಂದ ತಮ್ಮ.

"ಆಯ್ತಲ್ಲ, ಹಳೇದು ನಿಲ್ಸಿ. ಆಮೇಲೆ ಒಂದು ಸ್ಟ್ರಿಪ್ಪೂ ತೊಗೊಂಡಿಲ್ಲ ಅವರು."

ತಮ್ಮ ಅವನನ್ನೇ ನೋಡಿ, ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

"ನನಗೆ ಕೊಡ್ತಿದ್ಳಲ್ಲ," ಎಂದ. "ದಿನಾ ಕೊಡ್ತಿದ್ಳಲ್ಲ. ಹಾಗಾದ್ರೆ ನಾನು ತಿಂದಿದ್ದು..."

"ಮನೆಗೆ ಹೋಗೋಣ ಬನ್ನಿ."

"ನಿನಗೆ ಗೊತ್ತಿತ್ತಾ?"

"ಬೆಳಗ್ಗೆ ಗೊತ್ತಾಯ್ತು. ಬನ್ನಿ, ನಡೀರಿ, ಮನೇಲಿ ಮಾತಾಡೋಣ."

"ನಾನು ತಿಂದಿದ್ದು ಅವಳದ್ದು," ಎಂದು ಅವನು ಗುಂಡಿಯ ಕಡೆ ನೋಡಿದ. ಮುಂದೆ ಏನೋ ಹೇಳಲು ಬಾಯಿ ತೆರೆದ. ಎಡಗೈ ಹೆಬ್ಬೆರಳು ಅಲುಗುತ್ತಿತ್ತು.

ಅವಳಿಗೆ ಸಿಕ್ಕಿದ್ದು ರೆಪ್ಪೆ ಬಡಿಯುವಷ್ಟು ಹೊತ್ತು. ನಾಲ್ಕು ಮಾರು ದೂರದಲ್ಲಿ ಮೇಸ್ತ್ರಿ ಗುದ್ದಲಿಯವರಿಗೆ ಏನೋ ಹೇಳುತ್ತ ನಿಂತಿದ್ದ. ಸುತ್ತ ಜನ. ಮರೆಯಿಲ್ಲ, ಗೋಡೆಯಿಲ್ಲ. ಅವಳು ಗಂಡನ ಸೊಂಟಕ್ಕೆ ಕೈ ಹಾಕಿ, ಅಂಗಿ ಹಿಡಿದು ತನ್ನ ಕಡೆಗೆ ಎಳೆದುಕೊಂಡು, ಅವನೊಂದಿಗೇ ಹಸಿಮಣ್ಣಿನ ದಿಬ್ಬದ ಮೇಲೆ ಬಿದ್ದಳು. ಬೀಳುತ್ತಲೇ ಅವನ ಮೇಲೆ ಉದ್ದಕ್ಕೂ ಕವುಚಿಕೊಂಡಳು. ಅವನ ಮುಖವನ್ನು ತನ್ನ ಕತ್ತಿನ ಸಂದಿಗೆ ತಿರುಗಿಸಿಕೊಂಡು, ಅವನ ಕೈಗಳನ್ನು ತನ್ನ ಹೊಟ್ಟೆಯ ಕೆಳಗೆ ಅದುಮಿ, ಎದೆ ಬಿರಿಯುವಂತೆ ಬಾಯಿ ಮಾಡಿದಳು.

"ಅತ್ತಿಗೇ! ನಮ್ಮನ್ನ ಬಿಟ್ಟು ಹೋದ್ರಲ್ಲಾ ಅತ್ತಿಗೇ! ಇನ್ನು ನಮಗೆ ಯಾರು ದಿಕ್ಕು!"

ಮೊದಲ ಕೂಗು ಜನರಿಗಾಗಿ. ಎರಡನೆಯದು ಯಾರಿಗೆಂದು ಅವಳಿಗೇ ತಿಳಿಯಲಿಲ್ಲ. ಅಡಿಯಲ್ಲಿ ಅವನ ಮೈ ಸೆಟೆದುಕೊಂಡಿತು.

ಎದುರು ತುದಿಯವಳು ಓಡಿ ಬಂದು ಅವನ ಕಾಲುಗಳ ಮೇಲೆ ಬಿದ್ದು ತಾನೂ ಅಳತೊಡಗಿದಳು. ನೆಕ್ಸ್ಟಪ್ಪ ಅವನ ಹಿಮ್ಮಡಿ ಮಣ್ಣು ಕೆದರುವುದನ್ನು ಕಂಡ. ಇಷ್ಟು ವರ್ಷ ಔಷಧಿ ಕೊಟ್ಟವನಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಬಾಯಿ ಅರ್ಧ ತೆರೆದುಕೊಂಡೇ ಇತ್ತು. ಮೇಸ್ತ್ರಿ ಹತ್ತಿರ ಬರುತ್ತಿದ್ದ.

"ಏನಾಯ್ತು? ಏನಾಯ್ತು ಅವನಿಗೆ?"

"ದುಃಖ," ಎಂದ ನೆಕ್ಸ್ಟಪ್ಪ, ಅವನಿಗೆ ಅಡ್ಡ ನಿಂತು. "ದುಃಖ ತಡೀಲಾರದೆ ಬಿದ್ರು. ಬಿಡಿ, ಅಳ್ಲಿ. ಹತ್ರ ಹೋಗಬೇಡಿ."

ಮೇಸ್ತ್ರಿ ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಕ್ಕ ಅಂದ್ರೆ ಅಷ್ಟು ಜೀವ ಅವನಿಗೆ," ಎಂದು ಪಕ್ಕದವರಿಗೆ ಹೇಳಿದ. ಅವನ ಕಣ್ಣೂ ಒದ್ದೆಯಾಗಿತ್ತು. ಜನ ಮರ್ಯಾದೆಗೆಂದು ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ನಿಂತರು.

ಅವಳು ಗಂಡನನ್ನು ಬಿಗಿಯಾಗಿ ಅಪ್ಪಿಕೊಂಡು ಬಾಯಿಬಿಟ್ಟು ಕೂಗುತ್ತಲೇ ಇದ್ದಳು. ಅವಳ ಅಡಿಯಲ್ಲಿ ಅವನ ಮೈ ಅದುರುತ್ತಿತ್ತು, ಬಿಡುತ್ತಿತ್ತು, ಮತ್ತೆ ಅದುರುತ್ತಿತ್ತು. ಒಂದೊಂದು ಅದುರಿಗೂ ಅವಳ ಬೆನ್ನು ಮೇಲಕ್ಕೆದ್ದು ಕೆಳಗಿಳಿಯುತ್ತಿತ್ತು. ಅದನ್ನು ನೋಡುತ್ತ ನಿಂತಿದ್ದ ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹೇಗೆ ಬಿಕ್ಕುತ್ತಿದ್ದಾಳೆ ನೋಡಿ ಪಾಪ ಎಂದಳು.